ಹುಲಿಗೆಮ್ಮನಿಗೆ ಬಿಟ್ಟ ಹುಂಜ

ಯಲಬುರ್ಗಾ ತಾಲೂಕಿನ ಮನೆಯಿಂದ
ಮಂಗಳವಾರ, ೯ ಜನವರಿ ೨೦೨೪

ಹೇಮಗುಡ್ಡದ ಬೀಗತಿ ರೇಣುಕಮ್ಮನವರಿಗೆ, ನಿಮ್ಮ ಮಗಳನ್ನು ಸೊಸೆ ಮಾಡಿಕೊಂಡ ಅಮರಮ್ಮ ಕೈಮುಗಿದು ಬರೆಯುವುದು. ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ನಮ್ಮ ಕೋಳಿಗಳೂ ನೆಟ್ಟಗಿವೆ. ಕೋಳಿಗಳ ಕ್ಷೇಮವನ್ನು ಪತ್ರದ ಮೊದಲಿಗೇ ಬರೆಯುವುದು ಎಲ್ಲಿಯ ಪದ್ಧತಿ ಎಂದು ನಗಬೇಡಿ, ಓದುತ್ತ ಹೋದರೆ ತಿಳಿಯುತ್ತದೆ.

ಮೊನ್ನೆ ಫೋನಿನಲ್ಲಿ ನೀವು ಅತ್ತಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಯಿತು. ಹೋದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಇಬ್ಬರೂ ಜಗಳಕ್ಕೆ ನಿಲ್ಲುತ್ತಿದ್ದೆವು. ಹೊಸ್ತಿಲ ಹುಣ್ಣಿಮೆಗೆ ನೀವು ಹುಲಿಗಿಗೆ ಹೋದಾಗ ನಮ್ಮೂರ ಕಡೆಯ ಯಾರೋ ಸಿಕ್ಕು, ನಿಮ್ಮ ಮಗಳು ದುರುಗಮ್ಮ ದೇವಿಯ ಹುಂಜವನ್ನು ಮನೆಯಿಂದ ಹೊರಗೆ ಹಾಕಿಸಿದಳು, ಅತ್ತೆ ಹೊಳೆದಂಡೆಯಲ್ಲಿ ಕೂತು ಅತ್ತಳು, ಸಂಘದ ಹೆಂಗಸರು ಅವಳನ್ನು ಹತ್ತಿರ ಕೂಡಿಸಿಕೊಳ್ಳುವುದಿಲ್ಲ ಎಂದೆಲ್ಲ ಹೇಳಿದರಂತೆ. ಸಂಕ್ರಾಂತಿ ಮುಗಿಯುತ್ತಲೇ ಮಗನನ್ನು ಗಾಡಿ ಕೊಟ್ಟು ಕಳಿಸುತ್ತೇನೆ, ಮಗಳನ್ನು ಕರೆದುಕೊಂಡು ಬರಲಿ, ಅವಳಿಗೆ ಆ ಕೋಳಿಯ ಉಸಾಬರಿಯೂ ಬೇಡ, ಆ ಊರೂ ಬೇಡ ಎಂದಿರಿ.

ಆ ಸುದ್ದಿ ಕಾರಹುಣ್ಣಿಮೆಯ ಹೊತ್ತಿನದು. ನಿಮ್ಮನ್ನು ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿವೆ. ಹುಂಜ ಹೋದದ್ದು ನಿಜ. ಹೋಗಲೇಬೇಕೆಂದು ನಿಮ್ಮ ಮಗಳು ಹಟ ಹಿಡಿದದ್ದೂ ನಿಜ. ಉಳಿದದ್ದನ್ನು ನಾನೇ ಹೇಳುತ್ತೇನೆ. ಓದಿದ ಮೇಲೆ ಗಾಡಿ ಕಳಿಸುವುದೋ ಬಿಡುವುದೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ದುರುಗಮ್ಮನಿಗೆ ಈ ಪತ್ರದ ಸುಳಿವಿಲ್ಲ. ನನ್ನದು ಏಳನೆಯ ತರಗತಿಯ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ನನ್ನ ದೂರು ಕೇಳಿ. ಬೀಗತಿಗೆ ಬರೆದ ಪತ್ರದಲ್ಲಿ ದೂರು ಇಲ್ಲದಿದ್ದರೆ ಓದಿದವರಿಗೆ ರುಚಿಸುವುದಿಲ್ಲ. ನಿಮ್ಮ ಮಗಳು ನಮ್ಮ ಕೋಳಿ ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಚಪ್ಪಲಿ ಇಟ್ಟಿದ್ದಾಳೆ. ಅವು ಶೆಡ್ಡಿನ ಚಪ್ಪಲಿ. ಬೀದಿಯ ಚಪ್ಪಲಿ ಹೊರಗೆ ಬಿಟ್ಟು, ಸುಣ್ಣದ ಪುಡಿ ಹಾಕಿದ ತಗ್ಗಿನಲ್ಲಿ ಕಾಲಿಟ್ಟು, ಅವನ್ನು ಮೆಟ್ಟಿಕೊಂಡು ಒಳಗೆ ಹೋಗಬೇಕು. ಗುಡಿಗೂ ಇಷ್ಟು ಮಡಿ ಇಲ್ಲ. ನಾನು ಅತ್ತೆ ಎಂಬ ರಿಯಾಯಿತಿಯೂ ಇಲ್ಲ. ಒಮ್ಮೆ ಅವಸರದಲ್ಲಿ ಹಾಗೇ ನುಗ್ಗಿದ್ದಕ್ಕೆ ಎಲ್ಲರ ಮುಂದೆ, "ಅತ್ತಿ, ಹೊರಗ ಬರ್ರಿ, ಚಪ್ಪಲಿ ಬದಲು ಮಾಡ್ರಿ" ಎಂದಳು. ಬಂದು ಬದಲು ಮಾಡಿದೆ. ಅವಳ ಸೀರೆಗೆ ಯಾವಾಗಲೂ ಬ್ಲೀಚಿಂಗ್ ಪೌಡರಿನ ವಾಸನೆ. ನನ್ನ ಮಗ ಕನಕರಾಜ ಹೊಲದಿಂದ ಬಂದು, "ಅವ್ವಾ, ಇಕಿ ನನ್ನ ಮುಖಕ್ಕಿಂತ ಕೋಳಿ ಮುಖಾನ ಹೆಚ್ಚು ನೋಡ್ತಾಳ" ಎನ್ನುತ್ತಾನೆ. ಅವನ ಮುಖದಲ್ಲಿ ನೋಡುವಂಥದ್ದು ಏನಿದೆ ಎಂದು ನಾನೂ ಕೇಳಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೂ ಮುದ್ದೇ.

ಈಗ ಹುಂಜದ ಮಾತು. ದುರುಗಮ್ಮ ನಮ್ಮ ಮನೆಗೆ ಬಂದ ವರ್ಷ ನಾನೊಂದು ಕೆಂಪು ಹುಂಜವನ್ನು ಹುಲಿಗೆಮ್ಮನ ಹೆಸರಿಗೆ ಬಿಟ್ಟೆ. ನಿಮಗೆ ಬಿಡಿಸಿ ಹೇಳಬೇಕಿಲ್ಲ, ಹರಕೆ ತೀರುವವರೆಗೆ ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ತೀರಿದ ದಿನ ಹುಲಿಗಿಗೆ ಒಯ್ದು ಒಪ್ಪಿಸಬೇಕು. ಹರಕೆ ಏನೆಂದು ನಾನು ಯಾರಿಗೂ ಹೇಳಲಿಲ್ಲ. ಮೊಮ್ಮಗುವಿಗೆ ಎಂದು ಊರವರು ಆಡಿಕೊಂಡರು. ಹೊಸ ಸೊಸೆ ಬಂದ ಮನೆಯಲ್ಲಿ ಹುಂಜ ಬಿಟ್ಟರೆ ಮಂದಿ ಇನ್ನೇನು ಆಡುತ್ತಾರೆ.

ಮರುವರ್ಷ ನಮ್ಮ ಸಂಘದ ಹೆಂಗಸರು ಕೂಡಿ ನಮ್ಮ ಕಣದಲ್ಲಿ ಶೆಡ್ ಕಟ್ಟಿ ಜವಾರಿ ಕೋಳಿ ಹಾಕಿದೆವು. ಸಂಘಕ್ಕೆ ಅಧ್ಯಕ್ಷಳು ನಮ್ಮ ಪಕ್ಕದ ಮನೆಯ ಮೆಹಬೂಬಬೀ, ನನ್ನ ವಾರಿಗೆಯವಳು. ಅವಳ ತಮ್ಮ ತತ್ತಿಗಳನ್ನು ಬೈಕಿನ ಮೇಲೆ ಕೊಪ್ಪಳಕ್ಕೆ, ಭಾಗ್ಯನಗರಕ್ಕೆ ಒಯ್ದು ಮಾರುತ್ತಿದ್ದ. ಜವಾರಿ ತತ್ತಿ ಎಂದರೆ ಆ ಕಡೆ ಕೇಳಿ ಕೇಳಿ ಕೊಳ್ಳುತ್ತಾರೆ. ಗಂಡಂದಿರ ಮುಂದೆ ಕೈಚಾಚದೆ ಮಕ್ಕಳಿಗೆ ಬಟ್ಟೆ ತಂದ ವರ್ಷ ಅದು. ನಮ್ಮ ಹೆಂಗಸರ ನಡಿಗೆಯೇ ಬದಲಾಗಿತ್ತು.

ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಶೆಡ್ಡಿನ ಬಾಗಿಲು ತೆಗೆದರೆ ಕೆಟ್ಟ ನಾತ. ಕೋಳಿಗಳ ಮುಖ ಬಾತಿತ್ತು, ಕಣ್ಣಿನ ಕೆಳಗೆ ಶೇಂಗಾ ಒಳಗೆ ಸಿಕ್ಕಿಸಿದಷ್ಟು ಬಾವು. ಮೂಗಿನಿಂದ ಸಿಂಬಳ, ರೆಪ್ಪೆಗಳು ಅಂಟಿ ಕಣ್ಣು ಮುಚ್ಚಿದ್ದವು. ಮನುಷ್ಯರ ಹಾಗೆ ಸೀನುತ್ತಿದ್ದವು. ತತ್ತಿ ನಿಂತವು. ಮೇವು ಬಿಟ್ಟ ಕೆಲವು ಸತ್ತವು. ನನ್ನ ಹುಂಜಕ್ಕೂ ಹತ್ತಿತು, ಒಂದು ಕಣ್ಣು ಮುಚ್ಚಿಕೊಂಡು ಒರಳಿನ ಪಕ್ಕ ಮುದುಡಿ ಕೂತಿತ್ತು. ಅರಿಷಿಣ ಹಚ್ಚಿ, ದೇವಿಗೆ ಕೈಮುಗಿದು ಬಿಟ್ಟೆ. ಕೆಲವು ದಿನಕ್ಕೆ ಅದು ಎದ್ದು, ಗೋಡೆ ಹತ್ತಿ ಕೂಗಿತು.

ಅಲ್ಲಿಂದ ಶುರುವಾಯಿತು ನೋಡಿ. ಅಷ್ಟೊಂದು ಕೋಳಿ ಮಲಗಿದರೂ ದೇವಿಯ ಹುಂಜ ಎದ್ದು ನಿಂತಿತು ಎಂದು ಊರೆಲ್ಲ ಮಾತಾಯಿತು. ಉಳಿದ ಕೋಳಿಗಳನ್ನು ಕೊಯ್ಯುವ ಅಂಗಡಿಗೆ ಕೊಟ್ಟು, ಹೊಸ ಮರಿ ತಂದೆವು. ಅವನ್ನು ಒಳಗೆ ಬಿಡುವ ಮೊದಲು ಸಂಘದ ಸಣ್ಣ ಹನುಮವ್ವ, ದೇವಿಯ ಹುಂಜವನ್ನು ಶೆಡ್ಡಿನಲ್ಲಿ ಒಮ್ಮೆ ಕಾಲಾಡಿಸೋಣ ಎಂದಳು. ಎಲ್ಲರಿಗೂ ಸರಿ ಕಂಡಿತು. ಅದರ ಕಾಲಿಗೆ ಅರಿಷಿಣದ ನೀರು ಹಾಕಿ, ಜುಟ್ಟಿಗೆ ಕುಂಕುಮ ಹಚ್ಚಿ, ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡಾಡಿಸಿ, ಹೊಸ ಮಡಕೆಯ ನೀರನ್ನು ಮೊದಲು ಅದಕ್ಕೇ ಕುಡಿಸಿದೆವು. ಆಮೇಲೆ ಮರಿಗಳನ್ನು ಬಿಟ್ಟೆವು. ಹುಂಜವನ್ನು ಎತ್ತಿಕೊಂಡು ಹೋಗುವ ಮಾನ ನನ್ನದು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದುಕೊಂಡ ಮುದುಕಿಯ ಹಾಗೆ ಊರೆಲ್ಲ ಎದೆಯುಬ್ಬಿಸಿ ತಿರುಗಿದೆ.

ವಾರ ತುಂಬುವ ಮೊದಲೇ ಮರಿಗಳು ಸೀನಿದವು.

ತಾಲೂಕಿನ ಪಶು ಆಸ್ಪತ್ರೆಯ ಉಮಾಪತಿ ಡಾಕ್ಟರು ಬಂದರು. ಒಳ್ಳೆಯ ಮನುಷ್ಯರು, ಹೆಂಗಸರೆಂದು ಹಗುರವಾಗಿ ಮಾತಾಡುವವರಲ್ಲ. ನೀರಿನಲ್ಲಿ ಹಾಕುವ ಔಷಧ ಕೊಟ್ಟರು. ಹಾಕಿದರೆ ಮುಖ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬಾತುಕೊಳ್ಳುತ್ತಿತ್ತು. ಕೊನೆಗೆ ಅವರು ಮೂಗಿನ ಸಿಂಬಳವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಸಂಘದಲ್ಲಿ ಕೂತು, "ಇದು ನೀವು ತಿಳಕೊಂಡಂಗ ಕೊಕ್ಕರೆ ರೋಗ ಅಲ್ರಿ. ಕೋಳಿ ನೆಗಡಿ, ಕೊರೈಜಾ ಅಂತಾರ. ಕಣ್ಣಿಗೆ ಕಾಣದ ಹುಳದಿಂದ ಬರತೈತಿ. ಔಷಧಕ್ಕ ಬಾವು ಇಳೀತೈತಿ, ಹುಳ ಒಳಗ ಉಳೀತೈತಿ. ಗುಣ ಆದ ಕೋಳಿ ಮುಂದ ಹೊಸ ಕೋಳಿಗೆ ಹಚ್ಚತೈತಿ" ಎಂದರು. ನಾವೆಲ್ಲ ಔಷಧದ ಹೆಸರನ್ನು ಬಾಯಿಪಾಠ ಮಾಡುವುದರಲ್ಲಿದ್ದೆವು. ಆ ಕೊನೆಯ ಮಾತನ್ನು ಹಿಡಿದುಕೊಂಡವಳು ನಿಮ್ಮ ಮಗಳು.

ಅಷ್ಟರಲ್ಲಿ ಅವಳನ್ನು ನಮ್ಮೂರಿಗೆ ಪಶುಸಖಿ ಎಂದು ಆರಿಸಿದ್ದರು. ಕೊಪ್ಪಳಕ್ಕೆ ಹೋಗಿ ತರಬೇತಿ ಮುಗಿಸಿ ಬಂದಿದ್ದಳು. ಆಡು, ಕುರಿ, ಕೋಳಿಗೆ ಲಸಿಕೆ ಹಾಕುವುದು, ರೋಗ ಕಂಡರೆ ಡಾಕ್ಟರಿಗೆ ತಿಳಿಸುವುದು ಅವಳ ಕೆಲಸ. ಮೂರನೆಯ ಸಲ ಮರಿ ತಂದಾಗ ಅವಳು ಅದೇ ಮರಿಗಳಲ್ಲಿ ಕೆಲವನ್ನು ಬೇರೆ ಮಾಡಿ ಮೆಹಬೂಬಬೀಯ ಮಾಳಿಗೆಯ ಮೇಲೆ ಪಂಜರದಲ್ಲಿಟ್ಟಳು. ಯಾಕೆ ಎಂದು ಕೇಳಿದರೆ, "ಸುಮ್ನ ನೋಡೂಣ್ರಿ" ಎಂದಳು. ಉಳಿದವು ಶೆಡ್ಡಿಗೆ ಹೋದವು, ನನ್ನ ಹುಂಜ ಕಾಲಾಡಿಸಿದ ಮೇಲೆ. ಶೆಡ್ಡಿನವು ಸೀನಿದವು. ಮಾಳಿಗೆಯವು ಮೇವು ತಿಂದು ಗುಂಡಗಾದವು. ಅದೇ ಮರಿ, ಅದೇ ಮೇವು, ಅದೇ ಚಳಿ.

ಇದನ್ನು ಅವಳು ಸಂಘದಲ್ಲಿ ಹೇಳುವ ಮೊದಲು ನನಗೆ ಹೇಳಿದಳು. ಅದು ದೊಡ್ಡ ಮಾತು ಬೀಗತಿ, ಬೇರೆಯವಳಾಗಿದ್ದರೆ ನಾಲ್ಕು ಜನರ ನಡುವೆ ಹೇಳಿ ನನ್ನ ಮುಖಕ್ಕೆ ಮಸಿ ಬಳಿಯುತ್ತಿದ್ದಳು. ಬೆಳಗಿನ ತಂಪಿನಲ್ಲಿ ನನ್ನನ್ನು ಹುಂಜ ಕೂತ ಗೋಡೆಯ ಹತ್ತಿರ ಕರೆದು, "ಅದರ ಗಂಟಲ ಕೇಳ್ರಿ" ಎಂದಳು. ಕೇಳಿದೆ. ಗೊರಗೊರ ಎನ್ನುತ್ತಿತ್ತು. ಕಣ್ಣಂಚಿನಲ್ಲಿ ನೀರಿತ್ತು. "ಅತ್ತಿ, ಇದಕ್ಕ ರೋಗ ಬಿಟ್ಟಿಲ್ರಿ. ಒಳಗ ಇಟಗೊಂಡು ತಿರಗತೈತಿ. ನಾವಾ ಒಯ್ದು ಶೆಡ್ಡಿನ್ಯಾಗ ಬಿಡಾಕತ್ತೇವಿ, ನಾವಾ ನೀರು ಕುಡಸಾಕತ್ತೇವಿ. ಇದು ಇರೂತನಕ ಯಾವ ಮರಿ ತಂದರೂ ಇದಾ ಗತಿ" ಎಂದಳು. ದೇವಿಯ ಹುಂಜಕ್ಕೆ ಹಾಗೆಲ್ಲ ಅನ್ನಬಾರದು ಎಂದೆ. "ದೇವಿ ಹುಂಜ ಅಂತ ಹುಳಕ್ಕ ಗೊತ್ತಿಲ್ರಿ" ಎಂದಳು.

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು. ಹರಕೆ ತೀರದೆ ಹುಂಜ ಕದಲುವುದಿಲ್ಲ ಎಂದು ಒಂದೇ ಮಾತು ಹೇಳಿ ಒಳಗೆ ಹೋದೆ.

ಸಂಘದ ಸಭೆಯಲ್ಲಿ ಅವಳು ಎದ್ದು ನಿಂತಳು. ಹುಂಜ ಹೋಗಬೇಕು, ಈಗಿರುವ ಕೋಳಿಗಳೂ ಎಲ್ಲ ಹೋಗಬೇಕು, ಶೆಡ್ ಖಾಲಿ ಬಿದ್ದು ಒಣಗಬೇಕು, ಆಮೇಲೆ ಒಂದೇ ವಯಸ್ಸಿನ ಮರಿ ತಂದು ಲಸಿಕೆ ಹಾಕಬೇಕು ಎಂದು ಹೇಳಿದಳು. ಮಾಳಿಗೆಯ ಮರಿಗಳ ಪಂಜರವನ್ನು ಹೊರಗಿಟ್ಟು ತೋರಿಸಿದಳು. ಸಣ್ಣ ಹನುಮವ್ವ ಅದನ್ನು ನೋಡಲೇ ಇಲ್ಲ. "ಮೊಮ್ಮಗ ಆಗ್ಲಿ ಅಂತ ಅತ್ತಿ ಬಿಟ್ಟ ಹುಂಜ ಅದು. ನಿನ್ನ ಉಡಿ ತುಂಬಲಿ ಅಂತ ಬಿಟ್ಟದ್ದು. ನೀನಾ ಓಡಸ್ತೀನಿ ಅಂತೀ. ನಾಳೆ ಏನರ ಆದ್ರ ನಮ್ಮ ಮ್ಯಾಲ ಹಾಕಬ್ಯಾಡ" ಎಂದಳು. ಮದುವೆಯಾಗಿ ಇಷ್ಟು ದಿನವಾದರೂ ಉಡಿ ತುಂಬಿಲ್ಲದ ಹುಡುಗಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು.

ದುರುಗಮ್ಮನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಆದರೆ ಅವಳು ಕೂರಲಿಲ್ಲ. "ನನ್ನ ಉಡಿ ಮಾತು ಬ್ಯಾರೆ, ಇದು ನಮ್ಮೆಲ್ಲರ ಶೆಡ್ಡಿನ ಮಾತು. ಆ ಹುಂಜ ಊರಾಗ ಇರೂತನಕ ನಾ ಮರಿ ತರಾಕ ಹೋಗಂಗಿಲ್ಲ, ಲಸಿಕಿ ಹಾಕಂಗಿಲ್ಲ. ಬ್ಯಾಡಂದ್ರ ಬ್ಯಾರೆ ಪಶುಸಖಿನ ಆರಿಸ್ಕೋರಿ" ಎಂದಳು. ಆಗ ಕೂತಳು. ಆವತ್ತು ಸಂಘ ಒಡೆಯುವುದೊಂದು ಬಾಕಿ. ಶೆಡ್ ಮುಚ್ಚಿಬಿಡೋಣ ಎಂದವರು ಅರ್ಧ ಜನ. ಮುಚ್ಚಿದರೆ ಮತ್ತೆ ಎಲ್ಲರೂ ಮೆಣಸಿನಕಾಯಿ ಬಿಡಿಸುವ ಕೂಲಿಗೆ. ನಿಮ್ಮ ಮಗಳ ಹೆಸರು, ಸಂಘವನ್ನು ಮುಳುಗಿಸಿದವಳು ಎಂದು ಊರಲ್ಲಿ ಉಳಿಯುತ್ತಿತ್ತು.

ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಬಾಯಿ ಮುಚ್ಚಿಕೊಂಡು ಕೂತಿದ್ದೆ. ಮನೆಗೆ ಬಂದ ಮೇಲೂ ಅವಳೊಡನೆ ಮಾತು ಬಿಟ್ಟೆ. ಅವಳು ರೊಟ್ಟಿ ಬಡಿದು ಮುಂದಿಟ್ಟರೆ ತಿನ್ನುತ್ತಿದ್ದೆ, ಅಷ್ಟೆ. ಡಾಕ್ಟರನ್ನು ಗುಟ್ಟಾಗಿ ಕಂಡು, ಹುಂಜವನ್ನು ಹಿತ್ತಲಲ್ಲಿ ಕಟ್ಟಿಹಾಕಿದರೆ ಸಾಲದೇ ಎಂದೂ ಕೇಳಿ ನೋಡಿದೆ. ಅವರು ನಕ್ಕು, "ಕಟ್ಟಿ ಹಾಕ್ತೀರಿ ಅಮರಮ್ಮ. ಹೊಸ ಮರಿ ಬಂದ ದಿನ ನಿಮ್ಮ ಹೆಣ್ಮಕ್ಕಳಾ ಬಿಚ್ಚಿ ಶೆಡ್ಡಿಗೆ ಒಯ್ತಾರ" ಎಂದರು. ನಿಜವೇ, ಒಯ್ಯುವವರ ಮುಂದೆ ನಾನೇ ಇರುತ್ತಿದ್ದೆ.

ನನ್ನನ್ನು ಬಗ್ಗಿಸಿದ ಮಾತು ಮೆಹಬೂಬಬೀಯಿಂದ ಬಂತು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅವಳು ಹೇಳಿದ್ದು ಹೀಗೆ. ಸಭೆಯಾದ ಮರುದಿನ ಅವಳೇ ದುರುಗಮ್ಮನಿಗೆ ಒಂದು ಉಪಾಯ ಹೇಳಿದ್ದಳಂತೆ. ತನ್ನ ತಮ್ಮ ಹುಂಜವನ್ನು ಸದ್ದಿಲ್ಲದೆ ಬೈಕಿನಲ್ಲಿ ಒಯ್ದುಬಿಡುತ್ತಾನೆ, ಅತ್ತೆ ಬೆಕ್ಕು ಹಿಡಿಯಿತು ಎಂದುಕೊಳ್ಳುತ್ತಾಳೆ, ಜಗಳವೂ ಇಲ್ಲ ರೋಗವೂ ಇಲ್ಲ. ನಿಮ್ಮ ಮಗಳು ಒಪ್ಪಲಿಲ್ಲವಂತೆ. "ಕದ್ದು ಒಯ್ದರ ಈ ಹುಂಜ ಹೋಗತೈತಿ ಚಾಚಿ, ಮುಂದಿನ ವರ್ಷ ಇನ್ನೊಂದು ಹುಂಜ ಬರತೈತಿ, ಅದಕ್ಕೂ ಅರಿಷಿಣ ಹಚ್ಚತಾರ. ನಮ್ಮತ್ತಿ ತಿಳದು ತಾನಾ ಒಯ್ಯಬೇಕು. ಆಕಿ ಒಯ್ದರ ಊರಾಗ ಮತ್ತ ಯಾರೂ ಕಾಲಾಡಸಂಗಿಲ್ಲ. ಮತ್ತ ಆಕಿ ಹರಕಿನ್ನ ಕಳವು ಮಾಡಿ ನಾ ಆಕಿ ಮುಖ ಹೆಂಗ ನೋಡ್ಲಿ" ಎಂದಳಂತೆ.

ಮೆಹಬೂಬಬೀ ಇದನ್ನು ಹೇಳಿ, "ಅಮರಕ್ಕ, ನನಗ ಇಂಥ ಸೊಸಿ ಸಿಕ್ಕಿದ್ರ ನಾ ಹುಂಜ ಅಲ್ಲ, ಎಮ್ಮಿನ ಬಿಟಗೊಡ್ತಿದ್ದೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಮಾನವನ್ನು ಕಾಯುತ್ತ, ನನ್ನ ಎದುರಿಗೇ ನಿಂತು ಜಗಳವಾಡುತ್ತಿದ್ದ ಹುಡುಗಿಯೊಡನೆ ನಾನು ಮಾತು ಬಿಟ್ಟಿದ್ದೆ. ಎದ್ದು ಮನೆಗೆ ಬಂದೆ. ಅವಳು ಹಿತ್ತಲಲ್ಲಿ ಕೂತು ಆ ಹುಂಜದ ಕಣ್ಣನ್ನೇ ಉಪ್ಪುನೀರಿನಲ್ಲಿ ಒರೆಸುತ್ತಿದ್ದಳು. ಊರಿಂದ ಓಡಿಸಬೇಕೆಂದವಳು ಅದಕ್ಕೆ ನೋವಾಗದಂತೆ ಹತ್ತಿ ಹಿಡಿದಿದ್ದಳು. "ಶುಕ್ರವಾರ ಹುಲಿಗಿಗೆ ಹೋಗೂಣು, ತಯಾರಾಗು" ಎಂದೆ. ಅವಳು ತಲೆ ಎತ್ತಿ ನೋಡಿ, ಏನೂ ಕೇಳದೆ ಹೂಂ ಎಂದಳು.

ಹೋಗುವಾಗಿನ ಫಜೀತಿ ಕೇಳಿ. ಬಟ್ಟೆ ಕಟ್ಟಿದ ಬುಟ್ಟಿಯಲ್ಲಿ ಹುಂಜ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ. ದೇವಿಯ ಹುಂಜಕ್ಕೆ ಟಿಕೆಟ್ಟೇ ಎಂದು ನಾನು ಜಗಳ ತೆಗೆದರೆ, "ದೇವಿ ಹೆಸರಿಲೆ ಪಾಸ್ ಮಾಡಿಸ್ಕೊಂಡು ಬರ್ರಿ ಅವ್ವಾ" ಎಂದ. ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಒಬ್ಬಳು ತನ್ನ ಹರಕೆಯ ಕೋಳಿಯನ್ನು ನಮ್ಮ ಬುಟ್ಟಿಯ ಹತ್ತಿರ ಇಡಲು ಬಂದರೆ ನಿಮ್ಮ ಮಗಳು ಬಿಡಲಿಲ್ಲ. ಬುಟ್ಟಿ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು. ಹುಲಿಗಿಯಲ್ಲೂ ಜೀವಂತ ಬಿಡುವುದು ಬೇಡ, ಪರವೂರಿನವರು ಹಿಡಿದು ಸಾಕಲು ಒಯ್ದರೆ ರೋಗ ಅವರೂರಿಗೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದಳು. ಅದಕ್ಕೇ ದೇವಿಗೆ ತೋರಿಸಿ ಕೈಮುಗಿದು ಬಂದು, ಹೊಳೆದಂಡೆಯಲ್ಲಿ ಕೊಯ್ಯಿಸಿ, ಒಲೆ ಹೂಡಿ ಎಡೆ ಮಾಡಿದೆವು. ಪುಕ್ಕವನ್ನೂ ಕರುಳನ್ನೂ ಅವಳೇ ತಗ್ಗು ತೋಡಿ ಸುಣ್ಣ ಹಾಕಿ ಮುಚ್ಚಿದಳು.

ನೆರೆಯ ಒಲೆಯ ಮುದುಕಿ, "ಹರಕಿ ತೀರಿತೇನವ್ವ" ಎಂದು ಕೇಳಿದಳು. ತೀರಿತು ಎಂದೆ. ದುರುಗಮ್ಮ ನನ್ನ ಮುಖವನ್ನೇ ನೋಡಿದಳು. ತನಗೆ ಮಕ್ಕಳಾಗದೆ ಹರಕೆ ಹೇಗೆ ತೀರಿತು ಎಂದು ಕೇಳಬೇಕೆಂದಿದ್ದಳೋ ಏನೋ, ಕೇಳಲಿಲ್ಲ. ನಾನು ಆಗ ಅತ್ತೆನೆಂದು ನಿಮಗೆ ಯಾರೋ ಹೇಳಿದ್ದಾರೆ. ಹಸಿ ಕಟ್ಟಿಗೆಯ ಹೊಗೆಗೆ ಯಾರ ಕಣ್ಣಲ್ಲೂ ನೀರು ಬರುತ್ತದೆ.

ಮನೆಗೆ ಬಂದ ಮೇಲೆ ಆ ಬುಟ್ಟಿಯನ್ನು ಸುಡಿಸಿದಳು. ನನಗೆ ತಲೆ ಮೇಲೆ ನೀರು ಹಾಕಿಸಿದಳು. ಶೆಡ್ಡಿನ ಕೋಳಿಗಳೆಲ್ಲ ಕೊಯ್ಯುವ ಅಂಗಡಿಗೆ ಹೋದವು. ನಾನು ಸಂಘದಲ್ಲಿ ಎದ್ದು, "ಹುಂಜ ಒಪ್ಪಿಸಿ ಬಂದೀನಿ, ಇನ್ನ ಮ್ಯಾಲ ಶೆಡ್ಡಿನ್ಯಾಗ ಯಾವ ದೇವರ ಕೋಳಿನೂ ಕಾಲಾಡಸಂಗಿಲ್ಲ" ಎಂದೆ. ಶೆಡ್ಡಿನ ನೆಲಕ್ಕೆ ಹಾಸಿದ್ದ ಹಳೆಯ ಭತ್ತದ ಹೊಟ್ಟನ್ನೆಲ್ಲ ಬಳಿದು ದೂರದ ಗುಂಡಿಗೆ ಹಾಕಿದೆವು. ಕಣ್ಣು ಉರಿಯುವಂಥ ಅದರ ಘಾಟು ಕೋಳಿಯ ಮೂಗನ್ನೂ ಉರಿಸುತ್ತದಂತೆ, ಹುಳಕ್ಕೆ ಅದರಿಂದ ದಾರಿ ಸಲೀಸಾಗುತ್ತದಂತೆ. ನೀರಿನ ಮಡಕೆ ಒಡೆದು, ತೊಳೆಯಲು ಬರುವ ಪಾತ್ರೆ ತಂದೆವು. ಗೋಡೆಗೆ ಸುಣ್ಣ, ಕಿಟಕಿಗೆ ಜಾಳಿಗೆ. ಆಮೇಲೆ ದುರುಗಮ್ಮ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದಳು. ಖಾಲಿ ಶೆಡ್ಡಿಗೆ ಬೀಗ ಹಾಕಿದವಳು ಎಂದು ಗಂಡಸರು ನಕ್ಕರು. ಬಿಸಿಲಿಗೂ ಗಾಳಿಗೂ ಅದು ಪೂರಾ ಒಣಗುವವರೆಗೆ ಕೀಲಿ ಕೊಡಲಿಲ್ಲ.

ಮಳೆ ಹಿಡಿದ ಮೇಲೆ ಹೊಸ ಮರಿ ಬಂದವು, ನಿಮ್ಮ ಗಂಗಾವತಿಯ ರೈಸ್ ಮಿಲ್ಲಿನ ಒಣ ಹೊಟ್ಟು ಬಂತು. ಡಾಕ್ಟರು ಹೇಳಿದ ಹೊತ್ತಿಗೆ ಒಂದೊಂದನ್ನೇ ಹಿಡಿದು ಲಸಿಕೆ ಚುಚ್ಚಿದಳು, ಕೆಲವು ವಾರ ಬಿಟ್ಟು ಮತ್ತೊಮ್ಮೆ ಚುಚ್ಚಿದಳು. ಹಿಡಿದು ಕೊಡುವವಳು ಯಾರೆಂದುಕೊಂಡಿರಿ? ಸಣ್ಣ ಹನುಮವ್ವ. ತನ್ನ ಬಾಯಿಂದ ಬಂದ ಮಾತಿಗೆ ಅವಳು ಕ್ಷಮೆ ಕೇಳಲಿಲ್ಲ, ನಮ್ಮ ಕಡೆಯವರಿಗೆ ಅದು ಬರುವುದೂ ಇಲ್ಲ. ಆದರೆ ಶೆಡ್ಡಿನ ಚಪ್ಪಲಿಯನ್ನು ಎಲ್ಲರಿಗಿಂತ ಮೊದಲು ಮೆಟ್ಟಿಕೊಂಡು ನಿಲ್ಲುತ್ತಾಳೆ.

ಈ ಚಳಿ ನೋಡಿದಿರಲ್ಲ. ನಿಮ್ಮ ಗುಡ್ಡದ ಕಡೆಯೂ ಹಲ್ಲು ಕಡಿಸಿರಬೇಕು. ನಮ್ಮ ಶೆಡ್ಡಿನಲ್ಲಿ ಒಂದು ಕೋಳಿಯೂ ಸೀನಲಿಲ್ಲ. ಈಗ ತತ್ತಿ ಶುರುವಾಗಿದೆ. ನಾನು ಮುಂಜಾನೆ ಎದ್ದು ಶೆಡ್ಡಿನ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ಬರೀ ಕೊಕ್ಕಿನ ಸದ್ದು ಕೇಳುತ್ತದೆ. ಅಷ್ಟು ಸುಖದ ಸದ್ದು ನಾನು ಬೇರೆ ಕೇಳಿಲ್ಲ.

ಕಳೆದ ತಿಂಗಳು ಕೊಪ್ಪಳದಲ್ಲಿ ಸಂಘಗಳ ದೊಡ್ಡ ಸಭೆ ಇತ್ತು. ಕುಷ್ಟಗಿ, ಗಂಗಾವತಿ ಕಡೆಯಿಂದಲೂ ಹೆಂಗಸರು ಬಂದಿದ್ದರು. ಉಮಾಪತಿ ಡಾಕ್ಟರು ದುರುಗಮ್ಮನನ್ನು ಕರೆದು ಮೈಕ್ ಕೊಟ್ಟರು. ನಾನು ನಡುವಿನ ಸಾಲಿನಲ್ಲಿ ಕೂತಿದ್ದೆ. ಗುಣವಾದ ಕೋಳಿಯನ್ನು ಹೊಸ ಕೋಳಿಯ ಜೊತೆ ಬೆರೆಸಬೇಡಿ, ಸಂತೆಯಿಂದ ಮರಳಿ ತಂದ ಕೋಳಿಯನ್ನು ಹಾಗೇ ಒಳಗೆ ಬಿಡಬೇಡಿ, ಸೀನಿದರೆ ಅರಿಷಿಣ ಹಚ್ಚುತ್ತ ಕೂರದೆ ಡಾಕ್ಟರಿಗೆ ತಿಳಿಸಿ ಎಂದು ಹೇಳಿದಳು. ಹುಂಜದ ಮಾತು ಬಂದಾಗ ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅವಳು, "ನಮ್ಮೂರಾಗ ಒಂದು ಹುಂಜಕ್ಕ ರೋಗ ಒಳಗ ಉಳದಿತ್ತು. ಅದನ್ನ ತಿಳಕೊಂಡು ತಗದವರು ನಮ್ಮತ್ತಿ" ಎಂದಳು. ಅಷ್ಟೇ ಹೇಳಿದಳು. ಚಪ್ಪಾಳೆ ಹೊಡೆದರು. ಪಕ್ಕದವಳು, ಆ ಹುಡುಗಿ ಯಾರ ಪೈಕಿ ಎಂದು ಕೇಳಿದಳು. "ನಮ್ಮಾಕಿ" ಎಂದೆ. ಸೊಸೆ ಎಂಬ ಮಾತು ಆಗ ನಾಲಗೆಗೆ ಬರಲಿಲ್ಲ. ಬೀಗತಿ, ನಾನು ಮಗನನ್ನು ಹೆತ್ತಾಗಲೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಇದನ್ನು ಕನಕರಾಜನಿಗೆ ಹೇಳಬೇಡಿ.

ಈಗ ಸುತ್ತಲ ಊರುಗಳವರು ಬೈಕ್ ತಂದು ಅವಳನ್ನು ಕರೆದೊಯ್ಯುತ್ತಾರೆ. ಸಂಘದಲ್ಲಿ ಅವಳು ಕೂತ ಕಡೆಗೇ ಎಲ್ಲರೂ ತಿರುಗಿ ಕೂರುತ್ತಾರೆ. ಅವಳಿಗೆ ಇಲ್ಲಿ ಏನು ಕಡಿಮೆಯಾಗಿದೆ ಎಂದು ಕರೆದುಕೊಂಡು ಹೋಗುತ್ತೀರಿ? ಮಗಳನ್ನು ನೋಡಬೇಕೆನಿಸಿದರೆ ಅದು ಬೇರೆ ಮಾತು, ಸಂಕ್ರಾಂತಿಗೆ ನೀವೇ ಬನ್ನಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡುತ್ತೇನೆ. ಬರುವಾಗ ಬೀಗರ ಮನೆಗೆಂದು ರೂಢಿಯ ಹಾಗೆ ಬಗಲಲ್ಲಿ ಕೋಳಿ ಹಿಡಿದು ತರಬೇಡಿ. ನಿಮ್ಮ ಮಗಳು ಅದನ್ನು ಊರ ಅಗಸೆಬಾಗಿಲ ಹೊರಗೇ ತಡೆಯುತ್ತಾಳೆ, ನಿಮ್ಮನ್ನೂ ತಡೆದಾಳು. ಮೆಹಬೂಬಬೀಯ ತಮ್ಮ ನಾಳೆ ಹೊಟ್ಟು ತರಲು ಗಂಗಾವತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರವನ್ನೂ ಒಂದು ಬುಟ್ಟಿ ತತ್ತಿಯನ್ನೂ ಕಳಿಸುತ್ತಿದ್ದೇನೆ. ಬುಟ್ಟಿಯನ್ನು ಅಲ್ಲೇ ಇಟ್ಟುಕೊಳ್ಳಿ, ಹೊರಗೆ ಹೋದದ್ದು ಶೆಡ್ಡಿಗೆ ಮರಳಬಾರದು ಎಂಬುದು ಇಲ್ಲಿಯ ಕಾನೂನು. ಕಾನೂನು ಯಾರದೆಂದು ಮತ್ತೆ ಹೇಳಬೇಕಿಲ್ಲ.

ನಿಮ್ಮ ಮಗಳ ಮೇಲೆ ನಿಮಗಿರುವಷ್ಟೇ ಹಕ್ಕನ್ನು ಕೇಳುವ,
ಅಮರಮ್ಮ

ವಿ.ಸೂ.: ಪತ್ರವನ್ನು ಮಡಚಿ ತತ್ತಿಯ ಬುಟ್ಟಿಯಲ್ಲಿಟ್ಟ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ. ನಿಮಗೂ ಹೇಳದೆ ಹೋದರೆ ಇದು ನನ್ನ ಹೊಟ್ಟೆಯಲ್ಲೇ ಕೊಳೆಯುತ್ತದೆ. ಆ ಹುಂಜವನ್ನು ನಾನು ಮೊಮ್ಮಗುವಿಗೆಂದು ಬಿಟ್ಟಿರಲಿಲ್ಲ. ಮಕ್ಕಳು ಆದಾಗ ಆಗಲಿ, ಅದಕ್ಕೆ ನನಗೆ ಅವಸರವಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಿಮ್ಮ ಮಗಳು ನನ್ನ ಮಾತಿಗೆ ಮಾತು ಕೊಡುವುದನ್ನು ನೋಡಿ ಸಾಕಾಗಿ, "ತಾಯಿ, ಈ ಹುಡುಗಿ ನನಗ ಎದುರು ಮಾತಾಡದಂಗ ಮಾಡು, ನಾ ಹೇಳಿದ್ದಕ್ಕ ತಲಿ ಬಗ್ಗಿಸಿ ಹೂಂ ಅನ್ನೂವಂಗ ಮಾಡು, ನಿನಗ ಹುಂಜ ಒಪ್ಪಸ್ತೀನಿ" ಎಂದು ಬೇಡಿಕೊಂಡಿದ್ದೆ. ದೇವಿ ಅದನ್ನು ನಡೆಸಿಕೊಡಲಿಲ್ಲ. ನಡೆಸಿಕೊಡದೆ ಇದ್ದದ್ದಕ್ಕೇ ನಾನು ಹುಂಜ ಒಪ್ಪಿಸಿ ಬಂದೆ. ಅವಳಿಗೆ ಮಾತ್ರ ಹೇಳಬೇಡಿ, ಈಗಲೇ ಅವಳ ಬಾಯಿಗೆ ಎದುರಿಲ್ಲ.